ಕೇರಂ ಕೂಟಕ್ಕೆ ಯಾರ ಆಸರೆ? ಮಾಳಗಿಯಿಂದ ಮಂಡಳಿವರೆಗೆ ಒಂದು ತೂಕ

ಹೋದ ತಿಂಗಳು ಒಂದೇ ಪ್ರಶ್ನೆ ಮೂರು ದಿಕ್ಕಿನಿಂದ ಬಂತು. ಯಾದಗಿರಿಯ ಒಬ್ಬ ಶಿಕ್ಷಕಿ, ಬೀದರಿನಲ್ಲಿ ಎಂಜಿನಿಯರಿಂಗ್ ಓದುವ ಒಬ್ಬ ಹುಡುಗ, ಇಲ್ಲೇ ಕಲಬುರಗಿಯ ಜೇವರ್ಗಿ ರಸ್ತೆಯಲ್ಲಿರುವ ನಿವೃತ್ತ ಲೈನ್‌ಮನ್ ಕಾಕಾ. ಮೂವರೂ ಕೇಳಿದ್ದು ಇಷ್ಟೇ: “ಕೇರಂ ಆಡೋರು ಹತ್ತು ಹನ್ನೆರಡು ಮಂದಿ ಆಗೀವಿ. ವಾರಕ್ಕೊಮ್ಮೆ ಕೂಡಬೇಕಂತ ಆಸೆ ಅದ. ಎಲ್ಲಿ ಕೂಡೋದು, ಯಾರನ್ನ ಕೇಳೋದು?”

ಕಾಕಾಗೆ ಫೋನಿನಲ್ಲೇ ಏನೋ ಹೇಳಿಬಿಟ್ಟೆ. ಫೋನ್ ಇಟ್ಟ ಮೇಲೆ ಅನಿಸಿತು, ಅದೇ ಮಾತನ್ನು ಆ ಶಿಕ್ಷಕಿ ನಂಬಿದರೆ ಎರಡೇ ವಾರಕ್ಕೆ ಅವರ ಕೂಟ ಮುರಿಯುತ್ತದೆ. ಅದಕ್ಕೆ ಕೂತು ಬರೆಯುತ್ತಿದ್ದೇನೆ. ನಾನು ದಾಲ್‌ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವ. ನಮ್ಮ ಕೇರಂ ಕೂಟಕ್ಕೆ ಹನ್ನೊಂದು ವರ್ಷ. ಅಷ್ಟರಲ್ಲಿ ಐದು ಜಾಗ ಬದಲಿಸಿದ್ದೇವೆ. ಒಂದೊಂದು ಜಾಗ ಬಿಟ್ಟಾಗಲೂ ಒಂದೊಂದು ಕಾರಣ ಇತ್ತು, ಆ ಕಾರಣಗಳೇ ಇಲ್ಲಿ ನನ್ನ ಬಂಡವಾಳ.

ನನ್ನ ತಂಗಿಯ ಮಗ ಅಮೆರಿಕದಲ್ಲಿದ್ದಾನೆ, ಅಲ್ಲಿ ಅವನಿಗೆ ಪಿನ್‌ಬಾಲ್ ಹುಚ್ಚು. ಒಬ್ಬೊಬ್ಬರ ಗ್ಯಾರೇಜಿನಲ್ಲಿ ಎರಡು ಮೂರು ಯಂತ್ರ ಇರುತ್ತವಂತೆ, ತಿಂಗಳಿಗೊಮ್ಮೆ ಸರದಿ ಪ್ರಕಾರ ಒಬ್ಬರ ಮನೆಯಲ್ಲಿ ಎಲ್ಲರೂ ಸೇರಿ ಆಡುತ್ತಾರಂತೆ. ಒಂದು ಯಂತ್ರ 100 ಕೆ.ಜಿ.ಗೂ ಮೇಲೆ ತೂಗುತ್ತದೆ. ಹೀಗಾಗಿ ಯಂತ್ರ ಇದ್ದಲ್ಲಿಗೆ ಜನ ಹೋಗಬೇಕು, ಜನ ಇದ್ದಲ್ಲಿಗೆ ಯಂತ್ರ ಬರುವುದಿಲ್ಲ. ನಮ್ಮ ಬೋರ್ಡು ಹಾಗಲ್ಲ. ಸ್ಕೂಟರಿನ ಹಿಂದೆ ಕೂತವನ ತೊಡೆ ಮೇಲೆ ನಿಂತು ಸೂಪರ್ ಮಾರ್ಕೆಟ್‌ನಿಂದ ಶಹಾಬಜಾರ್‌ವರೆಗೆ ಸಲೀಸಾಗಿ ಹೋಗುತ್ತದೆ. ಎಲ್ಲಿ ಬೇಕಾದರೂ ಇಡಬಹುದು ಅನ್ನುವುದರಿಂದಲೇ ಎಲ್ಲಿ ಇಡಬೇಕೆಂಬ ಜಗಳ ಶುರುವಾಗುತ್ತದೆ.

ಮೊದಲು ಅಳತೆಗೋಲು

ಜಾಗ ಹುಡುಕಲು ಹೊರಟವರು ಬಾಡಿಗೆ ಎಷ್ಟು ಎಂದು ಮೊದಲು ಕೇಳುತ್ತಾರೆ. ನಾನಾದರೆ ಅದನ್ನು ನಾಲ್ಕನೆಯದಾಗಿ ಕೇಳುತ್ತೇನೆ. ಮೊದಲನೆಯದು ಕೀಲಿಕೈ: ಆ ಬಾಗಿಲ ಕೀಲಿ ಯಾರ ಕಿಸೆಯಲ್ಲಿದೆ, ಅವರು ಊರಲ್ಲಿ ಇಲ್ಲದಾಗ ಏನು? ಭಾನುವಾರ ಸಂಜೆ ಹನ್ನೆರಡು ಜನ ಬೋರ್ಡು ಹಿಡಿದು ಮುಚ್ಚಿದ ಬಾಗಿಲ ಮುಂದೆ ಅರ್ಧ ಗಂಟೆ ನಿಂತರೆ ಮುಂದಿನ ವಾರ ಒಂಬತ್ತು ಜನ ಬರುತ್ತಾರೆ. ಅದರ ಮುಂದಿನ ವಾರ ಐದು. ನಮ್ಮ ಎರಡನೇ ಜಾಗ ಹೋದದ್ದು ಹೀಗೇ. ಜಗಳ ಇಲ್ಲ, ಬೇಸರ ಇಲ್ಲ, ಬರೀ ಕೀಲಿ.

ಎರಡನೆಯದು, ಈ ಜಾಗಕ್ಕೆ ಯಾರು ಬರಲಾರರು? ಯಾರು ಬರಬಹುದು ಎಂದು ಕೇಳಿದರೆ “ಎಲ್ಲಾರೂ ಬರಬಹುದು ರೀ” ಎಂಬ ಉತ್ತರವೇ ಸಿಗುತ್ತದೆ. ತಿರುಗಿಸಿ ಕೇಳಿದರೆ ನಿಜ ಹೊರಬೀಳುತ್ತದೆ. ಸಿಗರೇಟು ಹೊಗೆಯ ಕೋಣೆಗೆ ಹೆಣ್ಣುಮಕ್ಕಳು ಬರುವುದಿಲ್ಲ. ಮೂರನೇ ಮಹಡಿಗೆ ಮೊಣಕಾಲು ನೋವಿನ ಕಾಕಾ ಬರುವುದಿಲ್ಲ. ಒಂದು ಜಾತಿಯ ಹೆಸರು ಹೊತ್ತ ಭವನಕ್ಕೆ ಬೇರೆಯವರು ಒಂದು ಸಲ ಮರ್ಯಾದೆಗೆ ಬಂದು, ಎರಡನೇ ಸಲ ಮದುವೆಯ ನೆಪ ಹೇಳುತ್ತಾರೆ.

ಮೂರನೆಯದು ನೆಲ, ಬೆಳಕು, ಗಾಳಿ. ಇದಕ್ಕೆ ಸ್ವಲ್ಪ ಲೆಕ್ಕ ಬೇಕು. ನಿಯಮದ ಪ್ರಕಾರ ಬೋರ್ಡಿನ ಆಡುವ ಮೈ 73.5ರಿಂದ 74 ಸೆಂ.ಮೀ. ಚೌಕ, ನೆಲದಿಂದ ಎತ್ತರ 63ರಿಂದ 70 ಸೆಂ.ಮೀ. ಸುತ್ತ ನಾಲ್ವರು ಕೂತು, ಹಿಂದೆ ನೋಡುವವರು ನಿಲ್ಲಬೇಕೆಂದರೆ ಒಂದು ಬೋರ್ಡಿಗೆ ಎಂಟಡಿ ಉದ್ದ ಎಂಟಡಿ ಅಗಲದ ಜಾಗ ಹಿಡಿಯಿರಿ. ಬೆಳಕು ಬೋರ್ಡಿನ ನೆತ್ತಿ ಮೇಲಿಂದಲೇ ಬೀಳಬೇಕು. ಗೋಡೆಯ ಟ್ಯೂಬ್‌ಲೈಟಿನಲ್ಲಿ ಆಡಿದರೆ ನಿಮ್ಮ ಕೈಯ ನೆರಳು ನಿಮ್ಮ ಸ್ಟ್ರೈಕರಿನ ಮೇಲೇ ಬೀಳುತ್ತದೆ.

ಗಾಳಿಯ ಮಾತು ನಮ್ಮ ಭಾಗಕ್ಕೆ ಬೇರೆಯೇ. ಏಪ್ರಿಲ್, ಮೇನಲ್ಲಿ ಇಲ್ಲಿ ಪಾರಾ 42 ದಾಟುತ್ತದೆ. ಫ್ಯಾನ್ ಹಚ್ಚಿದರೆ ಬೋರ್ಡಿನ ಪೌಡರ್ ಹಾರಿ ಮೂಲೆ ಸೇರುತ್ತದೆ. ಫ್ಯಾನ್ ಬೇಡವೆಂದು ಕೂಲರ್ ಹಚ್ಚಿದರೆ ತೇವದ ಗಾಳಿಗೆ ಪೌಡರ್ ಗಂಟುಕಟ್ಟುತ್ತದೆ, ದಿನ ಕಳೆದಂತೆ ಪ್ಲೈವುಡ್ ಉಬ್ಬುತ್ತದೆ. ಎರಡೂ ಬೇಡವೆಂದರೆ ಬೆವರಿನ ಹನಿ ನೇರ ಬೇಸ್‌ಲೈನ್ (ಸ್ಟ್ರೈಕರ್ ಇಟ್ಟು ಹೊಡೆಯುವ ಗೆರೆ) ಮೇಲೆ. ಹೀಗಾಗಿ ಬೇಸಿಗೆಯ ಎರಡು ತಿಂಗಳು ಆಟವನ್ನು ಬೆಳಿಗ್ಗೆ ಆರರಿಂದ ಒಂಬತ್ತಕ್ಕೆ ಇಡಬಲ್ಲ ಜಾಗವೇ ಮೇಲು. ಆ ಹೊತ್ತಿಗೆ ಬಾಗಿಲು ತೆಗೆಯದ ಜಾಗ ಎಷ್ಟು ಚಂದ ಇದ್ದರೂ ನಿಮಗೆ ವರ್ಷಕ್ಕೆ ಹತ್ತೇ ತಿಂಗಳ ಜಾಗ.

ನಾಲ್ಕನೆಯದು ದುಡ್ಡು. ಐದನೆಯದು ಹಂಗು. ಪುಕ್ಕಟೆ ಜಾಗ ಕೊಟ್ಟವರು ಮುಂದೆ ಏನು ಕೇಳುತ್ತಾರೆ? ಕೇಳದೆಯೇ ಏನು ನಿರೀಕ್ಷಿಸುತ್ತಾರೆ? ಬಾಡಿಗೆಯನ್ನು ಒಂದು ತಾರೀಖಿಗೆ ಕೊಟ್ಟು ಮುಗಿಸಬಹುದು, ಹಂಗಿಗೆ ತಾರೀಖಿಲ್ಲ. ನಾವು ಬಿಟ್ಟ ಐದು ಜಾಗಗಳಲ್ಲಿ ಮೂರನ್ನು ಬಿಟ್ಟದ್ದು ಈ ಐದನೆಯ ಕಾರಣಕ್ಕೆ.

ಮನೆಯ ಮಾಳಗಿ, ಪಡಸಾಲೆ

ಹೊಸ ಕೂಟಕ್ಕೆ ಇದೇ ಸಹಜ ಶುರು. ಕೀಲಿಯ ಚಿಂತೆ ಇಲ್ಲ, ಬಾಡಿಗೆ ಇಲ್ಲ, ಮಕ್ಕಳು ಹೆಣ್ಣುಮಕ್ಕಳು ಹಿಂಜರಿಯದೆ ಬರುತ್ತಾರೆ. ಹಳೇ ಮನೆಗಳ ಶಹಾಬಾದ್ ಫರ್ಸಿಯ ನೆಲ ಬೇಸಿಗೆಯಲ್ಲೂ ತಂಪು. ಫರ್ಸಿ ಒಂದೇ ಸಮ ಇರುವುದಿಲ್ಲ ಅನ್ನುವುದೊಂದು ತೊಡಕು. ಸ್ಟ್ಯಾಂಡಿನ ಒಂದು ಕಾಲಿನ ಕೆಳಗೆ ಹಳೇ ಲಗ್ನಪತ್ರಿಕೆ ಮಡಚಿ ಇಟ್ಟರೆ ಸಾಕು, ನಮ್ಮಲ್ಲಿ ಅದಕ್ಕೇನು ಬರ? ಮಾಳಗಿಯ ಮೇಲೆ ಆಡುವವರು ಸೂರ್ಯ ಮುಳುಗಿ ಒಂದು ತಾಸು ಬಿಟ್ಟು ಬೋರ್ಡು ಹತ್ತಿಸಿ. ದಿನವಿಡೀ ಕಾದ ಗಚ್ಚು ಅಷ್ಟು ಬೇಗ ತಣ್ಣಗಾಗುವುದಿಲ್ಲ. ಬೋರ್ಡನ್ನು ಮಾತ್ರ ಅಲ್ಲೇ ಬಿಟ್ಟು ಇಳಿಯಬೇಡಿ. ಮರುದಿನದ ಒಂದೇ ಬಿಸಿಲಿಗೆ ಮೈ ಡೊಂಕಾದ ಬೋರ್ಡು ನನ್ನ ಬಳಿ ಇನ್ನೂ ಇದೆ, ಈಗ ಅದರ ಮೇಲೆ ಹಪ್ಪಳ ಒಣಗುತ್ತವೆ.

ಇನ್ನು ಖರ್ಚು. ಮನೆ ಪುಕ್ಕಟೆ ಎಂದು ಗಂಡಸರು ಹೇಳುತ್ತಾರೆ. ಹನ್ನೆರಡು ಜನಕ್ಕೆ ಎರಡು ಸಲ ಚಹಾ ಅಂದರೆ 24 ಕಪ್ಪು. ಕುದಿಸಿದವರು ಯಾರು, ತೊಳೆದವರು ಯಾರು? ಚಹಾದ ಜೊತೆ ಸುಸಲಾ, ಸುಸಲಾದ ಜೊತೆ ಮಿರ್ಚಿ ಭಜಿ, ಒಬ್ಬರ ಮನೆಯಲ್ಲಿ ಇಟ್ಟರೆಂದು ಇನ್ನೊಬ್ಬರ ಮನೆಯಲ್ಲಿ ಅದಕ್ಕಿಂತ ಒಂದು ತಿಂಡಿ ಹೆಚ್ಚು. ನಮ್ಮ ಮೊದಲ ವರ್ಷದ ಸರದಿ ಮುರಿದದ್ದು ಈ ಪೈಪೋಟಿಯಿಂದ. ಒಬ್ಬ ಅಕ್ಕೋರು ಬಾಗಿಲಲ್ಲೇ ನಿಂತು ಹೇಳಿದರು: “ನಿಮ್ಮ ಆಟ ಭಾಳ ಚಲೋ ಅದ ರೀ, ನನ್ನ ಐತವಾರ ಮಾತ್ರ ಎಲ್ಲಿ ಹೋಯ್ತೋ ಗೊತ್ತಿಲ್ಲ.” ಅಂದಿನಿಂದ ನಿಯಮ ಮಾಡಿದೆವು. ಚಹಾ ಹೊರಗಿನಿಂದ, ಫ್ಲಾಸ್ಕಿನಲ್ಲಿ. ಕಾಗದದ ಕಪ್ಪು. ಅಡುಗೆಮನೆಯಿಂದ ನೀರು ಬಿಟ್ಟು ಏನೂ ಬರಕೂಡದು. ಆಡಿದವರೇ ಕಸ ಗುಡಿಸಿ ಹೋಗಬೇಕು, ಪೌಡರ್ ಚಪ್ಪಲಿಗೆ ಅಂಟಿ ಮನೆಯೆಲ್ಲ ಬೆಳ್ಳಗಾಗುತ್ತದೆ. ಈ ನಿಯಮ ಒಪ್ಪದವರ ಮನೆಯಲ್ಲಿ ನಾವು ಕೂಡುವುದಿಲ್ಲ. ನಿಷ್ಠುರ ಆಗುತ್ತದೆ, ಆಗಲಿ.

ಮನೆಯ ಮಿತಿ ಎರಡು ಬೋರ್ಡು, ಹನ್ನೆರಡು ಜನ. ಜೋಡಿ ಆಟ ಇಟ್ಟರೆ ಎಂಟು ಜನ ಆಡುತ್ತಾರೆ, ನಾಲ್ವರು ಕಾಯುತ್ತಾರೆ. ಆ ನಾಲ್ವರಿಗೆ ಕುರ್ಚಿ ಇದೆಯೇ ನೋಡಿ. ಆಡುವವರು ಮಾತಾಡುವುದಿಲ್ಲ, ಕಾಯುವವರು ಮಾತಾಡುತ್ತಾರೆ. ವಾರದ ಸುದ್ದಿ, ಮಗಳ ಅಡ್ಮಿಷನ್, ತೊಗರಿ ಭಾವ ಎಲ್ಲ ಹುಟ್ಟುವುದು ಆ ನಾಲ್ಕು ಕುರ್ಚಿಗಳಲ್ಲಿ. ಪೂರ್ಣ ಆಟವೆಂದರೆ 25 ಪಾಯಿಂಟ್ ಇಲ್ಲವೇ 8 ಬೋರ್ಡು (ಆಟದ ಮಾತಿನಲ್ಲಿ ಬೋರ್ಡೆಂದರೆ ಒಂದು ಸುತ್ತು). ಅಷ್ಟು ಹೊತ್ತು ಕಾಯಿಸಿದರೆ ಕೂತವರು ಮೊಬೈಲಿಗೆ ಇಳಿಯುತ್ತಾರೆ. ನಾವು ನಾಲ್ಕು ಬೋರ್ಡಿಗೇ ಆಟ ಮುಗಿಸಿ ಜೋಡಿ ಬದಲಿಸುತ್ತೇವೆ. ಟೂರ್ನಿಗೆ ತಯಾರಾಗುವವರಿಗೆ ಇದು ಹಿಡಿಸುವುದಿಲ್ಲ. ಅಂಥವರು ಮುಂದೆ ಓದಿ.

ಗಂಟೆ ಲೆಕ್ಕದ ಪಾರ್ಲರ್

ಸ್ನೂಕರ್, ಪೂಲ್ ಜೊತೆ ಮೂಲೆಯಲ್ಲೊಂದು ಕೇರಂ ಬೋರ್ಡು ಇಟ್ಟ ಅಡ್ಡಾಗಳು. ಹಂಗು ಸೊನ್ನೆ, ದುಡ್ಡು ಕೊಟ್ಟೆವು, ಆಡಿದೆವು. ಗಂಟೆಗೆ 60 ರೂ. ಎಂದು ಹಿಡಿದರೆ ಎರಡು ಬೋರ್ಡು, ಮೂರು ತಾಸು, ತಿಂಗಳಿಗೆ ನಾಲ್ಕು ವಾರಕ್ಕೆ 1,440 ರೂ. ಹನ್ನೆರಡು ಜನಕ್ಕೆ ಹಂಚಿದರೆ ತಲೆಗೆ 120. ನಿಮ್ಮೂರಿನ ದರ ಹಾಕಿ ಗುಣಿಸಿಕೊಳ್ಳಿ. ಬೋರ್ಡು, ಕಾಯಿನ್ ಕೊಳ್ಳುವ ಖರ್ಚು ಇಲ್ಲ, ಬೆಳಕು ಸಾಮಾನ್ಯವಾಗಿ ಸರಿ ಇರುತ್ತದೆ, ಎ.ಸಿ. ಇದ್ದರೆ ಬೇಸಿಗೆಯ ಪೌಡರ್ ಸಮಸ್ಯೆಯೂ ಇಲ್ಲ.

ಆದರೆ ಗಡಿಯಾರ ಓಡುತ್ತಿರುವಾಗ ಯಾರೂ ಹರಟೆ ಹೊಡೆಯುವುದಿಲ್ಲ. ಪಕ್ಕದ ಟೇಬಲ್ಲಿನಲ್ಲಿ ದುಡ್ಡಿಟ್ಟು ಆಡುವವರು ಇರಬಹುದು, ಹೊಗೆ ಇರಬಹುದು. ಮನೆಯಲ್ಲಿ “ಎಲ್ಲಿಗೆ ಹೊಂಟಿ?” ಎಂಬ ಪ್ರಶ್ನೆಗೆ ಹುಡುಗರು ಸುಳ್ಳು ಹೇಳುವಂತಾದರೆ ಆ ಜಾಗ ಸರಿ ಇಲ್ಲ ಎಂದೇ ಅರ್ಥ. ಕೈ ಪಳಗಿಸಿಕೊಳ್ಳಲು ಸರಿ, ಕೂಟ ಕಟ್ಟಲು ಅಲ್ಲ.

ಚಹಾ ಹೋಟೆಲ್ಲಿನ ಮುಂದಿನ ಕಟ್ಟೆಯ ಬಗ್ಗೆಯೂ ಕೆಲವರು ಕೇಳುತ್ತಾರೆ. ಚಹಾ ವ್ಯಾಪಾರ ಆಗುವವರೆಗೆ ಮಾಲೀಕ ನಗುತ್ತಾನೆ, ಗಿರಾಕಿ ಹೆಚ್ಚಿದ ಹೊತ್ತಿಗೆ ಬೋರ್ಡು ಎತ್ತಿ ಅನ್ನುತ್ತಾನೆ. ಅವನ ತಪ್ಪಿಲ್ಲ. ರಸ್ತೆಯ ಧೂಳು ಬೇರೆ. ಕರಿಮಣ್ಣಿನ ಧೂಳು ಬೋರ್ಡಿಗೆ ಕೂತರೆ ಸ್ಟ್ರೈಕರ್ ಹೋದಲ್ಲೇ ನಿಲ್ಲುತ್ತದೆ.

ಗಣಪತಿ ಮಂಡಳಿ, ಗುಡಿಯ ಪಕ್ಕದ ಕೋಣೆ

ಓಣಿಯ ಯುವಕ ಮಂಡಳಿಗಳ ಬಳಿ ಇರುವುದನ್ನು ಬೇರೆ ಯಾರ ಬಳಿಯೂ ನೋಡಿಲ್ಲ: ಕೋಣೆ, ಕುರ್ಚಿ, ಕರೆಂಟು, ಮೈಕು, ಹೇಳಿದರೆ ಓಡಿ ಬರುವ ಇಪ್ಪತ್ತು ಹುಡುಗರು. ಪಟ್ಟಿ (ಚಂದಾ) ಎತ್ತುವುದು ಅವರಿಗೆ ಕರಗತ. ನಾಳೆ ಟೂರ್ನಿ ಮಾಡೋಣ ಅಂದರೆ ಇವತ್ತು ರಾತ್ರಿ ಪೆಂಡಾಲ್ ನಿಲ್ಲಿಸುತ್ತಾರೆ. ನಮ್ಮ ಕೂಟ ಅತಿ ಹೆಚ್ಚು ಬೆಳೆದದ್ದು ಇಂಥ ಒಂದು ಮಂಡಳಿಯ ಕೋಣೆಯಲ್ಲೇ. ಹನ್ನೆರಡಿದ್ದವರು ಮೂವತ್ತಾದೆವು. ಓಣಿಯ ಮಕ್ಕಳು ಕಿಟಕಿಗೆ ಜೋತುಬಿದ್ದು ನೋಡುತ್ತ ನೋಡುತ್ತ ಆಟ ಕಲಿತರು. ಅವರಲ್ಲಿಬ್ಬರು ಈಗ ನಮ್ಮನ್ನು ಸೋಲಿಸುತ್ತಾರೆ.

ಭಾದ್ರಪದ ಬಂತು. ಕೋಣೆ ಹೇಗೂ ಅವರದು, ಹತ್ತು ಹನ್ನೊಂದು ದಿನ ನಾವು ಬದಿಗೆ ಸರಿಯುವುದು ನ್ಯಾಯವೇ. ನಮ್ಮ ಎರಡು ಬೋರ್ಡು ಅಲ್ಲೇ ಗೋಡೆಗೆ ಆನಿಸಿಟ್ಟಿದ್ದೆವು. ಮಹಾಪ್ರಸಾದದ ಹಿಂದಿನ ರಾತ್ರಿ ಅಡುಗೆಯವರಿಗೆ ದೊಡ್ಡ ಮಣೆ ಸಾಲದೆ ಬಂದಿದೆ. ಮರುದಿನ ಹೋಗಿ ನೋಡಿದರೆ ಒಂದು ಬೋರ್ಡಿನ ಮೇಲೆ ಬದನೆಕಾಯಿ ಹೆಚ್ಚಿದ ಗುರುತು, ನಡುವಿನ ವೃತ್ತದ ಮೇಲೆ ಅರಿಶಿನದ ಕಲೆ. ಸಿಟ್ಟು ಬಂತು. ಯಾರ ಮೇಲೆ ಸಿಟ್ಟು ಮಾಡೋದು? ಆ ಅನ್ನವನ್ನು ನಾನೂ ಉಂಡಿದ್ದೆ.

ನಿಜವಾದ ತೊಡಕು ಬದನೆಕಾಯಿಯದಲ್ಲ. ಮರುವರ್ಷ ಪಟ್ಟಿಯ ಪುಸ್ತಕ ಹಿಡಿದು ಅವರು ನಮ್ಮ ಕೂಟದ ಒಬ್ಬೊಬ್ಬರ ಮನೆಗೂ ಹೋದರು. ನಮ್ಮಲ್ಲಿ ಮೂವರು ಮುಸ್ಲಿಮರು, ಒಬ್ಬರು ಕ್ರೈಸ್ತರು. ಅವರು ಸಂತೋಷದಿಂದಲೇ ಕೊಟ್ಟರು, ಈ ಊರಲ್ಲಿ ಶರಣಬಸವೇಶ್ವರರ ಜಾತ್ರೆಗೂ ಬಂದೇನವಾಜರ ಉರುಸಿಗೂ ಎಲ್ಲರೂ ಹೋಗುವವರೇ. ಆದರೂ ಕೇರಂ ಆಡಲು ಬಂದವರ ಮೇಲೆ ಹಬ್ಬದ ಪಟ್ಟಿ ಬಿತ್ತೆಂಬುದು ನನಗೆ ಚುಚ್ಚಿತು. ಆಮೇಲೆ ಮೆರವಣಿಗೆಗೆ ಜನ ಬೇಕೆಂದರು, ಆಮೇಲೆ ಒಬ್ಬ ಮುಖಂಡರ ಹುಟ್ಟುಹಬ್ಬದ ಬ್ಯಾನರಿನಲ್ಲಿ ನಮ್ಮ ಫೋಟೊ ಬಂತು. ನಾವು ಕೊಟ್ಟದ್ದಲ್ಲ.

ಹಾಗೆಂದು ಮಂಡಳಿ ಬೇಡ ಅನ್ನಲಾರೆ. ಮಕ್ಕಳನ್ನು ಆಟಕ್ಕೆ ಎಳೆಯಬೇಕು, ವರ್ಷಕ್ಕೊಂದು ಟೂರ್ನಿ ಗದ್ದಲದಿಂದ ನಡೆಯಬೇಕು ಅನ್ನುವವರಿಗೆ ಇದಕ್ಕಿಂತ ದೊಡ್ಡ ಆಸರೆ ಸಿಗದು. ಮೊದಲ ದಿನವೇ ಮೂರು ಮಾತು ಆಡಿ ಮುಗಿಸಿ. ತಿಂಗಳಿಗೆ ಇಂತಿಷ್ಟು ಕರೆಂಟಿನ ದುಡ್ಡು ನಾವು ಕೊಡುತ್ತೇವೆ, ರಸೀದಿ ಬೇಕು. ಹಬ್ಬದ ಪಟ್ಟಿ ಅವರವರ ಇಷ್ಟ, ಕೂಟದ ಹೆಸರಲ್ಲಿ ಬೇಡ. ಹಬ್ಬಕ್ಕೆ ಒಂದು ವಾರ ಮೊದಲು ಬೋರ್ಡು ನಾವು ಮನೆಗೆ ಒಯ್ಯುತ್ತೇವೆ. ಪುಕ್ಕಟೆ ಕೊಡುತ್ತೇವೆಂದರೂ ಸ್ವಲ್ಪವಾದರೂ ದುಡ್ಡು ಕೊಡಿ. 200 ರೂಪಾಯಿ ಕೊಟ್ಟವನು ಬಾಯಿಬಿಟ್ಟು ಬೇಡ ಅನ್ನಬಲ್ಲ, ಪುಕ್ಕಟೆ ಕೂತವನಿಗೆ ಆ ಬಾಯಿ ಇರುವುದಿಲ್ಲ.

ಭವನ, ಕಚೇರಿಯ ಕೋಣೆ, ಶಾಲೆ

ಬಡಾವಣೆಯ ಸಮುದಾಯ ಭವನ ದೊಡ್ಡದು, ನಾಲ್ಕು ಬೋರ್ಡು ಹರಡಬಹುದು, ಹೆಣ್ಣುಮಕ್ಕಳು ಬರಲು ಹಿಂಜರಿಯುವುದಿಲ್ಲ. ಒಂದು ಸಂಜೆಗೆ 500 ರೂ. ಕೇಳಿದರೆ ನಾಲ್ಕು ವಾರಕ್ಕೆ 2,000, ಹನ್ನೆರಡು ಜನಕ್ಕೆ ತಲೆಗೆ 167. ಇಪ್ಪತ್ತು ಜನ ಇದ್ದರೆ 100ಕ್ಕೆ ಇಳಿಯುತ್ತದೆ. ಚಿಕ್ಕ ಕೂಟಕ್ಕೆ ದುಬಾರಿ, ದೊಡ್ಡದಕ್ಕೆ ಹಗುರ. ಲಗ್ನಸರಾಯಿಯ ತಿಂಗಳುಗಳಲ್ಲಿ ಮಾತ್ರ ನಿಮ್ಮ ಭಾನುವಾರ ಯಾರದೋ ಮದುವೆಯ ಭಾನುವಾರ. ಮಕ್ಕಳಿಗೆ ರಜೆ ಇರುವ ಬೇಸಿಗೆಯಲ್ಲೇ ಇದು ಕಾಡುವುದು.

ನೌಕರರ ಸಂಘದ ಕೋಣೆ, ಕಚೇರಿಯ ರಿಕ್ರಿಯೇಷನ್ ಹಾಲ್ ಸಿಕ್ಕರೆ ಅದೃಷ್ಟ, ಅದು ಸಾಹೇಬರ ವರ್ಗಾವಣೆ ಆಗುವವರೆಗಿನ ಅದೃಷ್ಟ. ಆಟ ಪ್ರೀತಿಸುವ ಒಬ್ಬ ಅಧಿಕಾರಿ ಕೊಟ್ಟ ಕೋಣೆಯಲ್ಲಿ ನಾವು ಹದಿನಾಲ್ಕು ತಿಂಗಳು ಆಡಿದೆವು. ಹೊಸಬರು ಬಂದ ಎರಡನೇ ದಿನ ಬೋರ್ಡು ವರಾಂಡದಲ್ಲಿತ್ತು.

ಶಾಲೆಯ ಕೋಣೆಯ ಬಗ್ಗೆ ಜನ ಯೋಚಿಸುವುದೇ ಕಡಿಮೆ. ಸರ್ಕಾರಿ ಶಾಲೆಯಾದರೆ ಮುಖ್ಯೋಪಾಧ್ಯಾಯರೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರೂ (ಎಸ್‌ಡಿಎಂಸಿ) ಒಪ್ಪಬೇಕು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಎರಡು ತಾಸು ಮಕ್ಕಳಿಗೂ ಆಟ ಕಲಿಸುತ್ತೇವೆ ಎಂದು ಕೇಳಿದರೆ ಒಪ್ಪಿಗೆ ಹೆಚ್ಚು ಸಲೀಸು. ಇಲ್ಲಿ ಹಂಗು ತೀರಿಸುವ ದಾರಿಯೂ ಚಂದ: ಒಂದು ಬೋರ್ಡು ಶಾಲೆಗೇ ಬಿಟ್ಟುಬಿಡಿ.

ಪ್ರಾಯೋಜಕರು ಮತ್ತು ಸ್ವಂತ ಡಬ್ಬಿ

ಅಂಗಡಿಯವರು ಟೀಶರ್ಟು, ಟ್ರೋಫಿ ಕೊಡುತ್ತಾರೆ, ಬದಲಿಗೆ ಬ್ಯಾನರು ಕೇಳುತ್ತಾರೆ. ಇದು ನೇರ ವ್ಯವಹಾರ, ನನಗೆ ತಕರಾರಿಲ್ಲ. ರಾಜಕೀಯದವರ ದುಡ್ಡಿಗೆ ಮಾತ್ರ ಎರಡು ಸಲ ಯೋಚಿಸಿ. ದೂರದ ತತ್ವ ಬಿಡಿ, ಹತ್ತಿರದ ತೊಂದರೆ ಕೇಳಿ: ಚುನಾವಣೆ ಘೋಷಣೆಯಾದ ಗಳಿಗೆಯಿಂದ ನೀತಿಸಂಹಿತೆ ಜಾರಿ. ಅವರ ಫೋಟೊ ಇರುವ ಬ್ಯಾನರು ಇಳಿಯಬೇಕು, ಅವರ ಕೈಯಿಂದ ಬಹುಮಾನ ಹಂಚುವಂತಿಲ್ಲ. ಟ್ರೋಫಿ ಮೇಲೆ ಹೆಸರು ಕೆತ್ತಿಸಿ ಆಗಿದ್ದರೆ ಅವನ್ನು ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕುವುದೇ ಕೆಲಸ.

ಸ್ವಂತ ವಂತಿಗೆಯ ಲೆಕ್ಕ ಸರಳ. ತಿಂಗಳಿಗೆ ತಲೆಗೆ 100, ಹನ್ನೆರಡು ಜನ, ವರ್ಷಕ್ಕೆ 14,400 ರೂ. ಪೌಡರ್, ಬಲ್ಬು, ಚಹಾ, ಒಂದೆರಡು ಸೆಟ್ ಕಾಯಿನ್ ಕಳೆದು ಉಳಿದದ್ದನ್ನು ಕೂಡಿಟ್ಟು ಬೋರ್ಡಿಗೆ ಹಾಕಿ. ನಾಲ್ಕು ಅಗ್ಗದ ಬೋರ್ಡಿಗಿಂತ ಎರಡು ಒಳ್ಳೆಯವು ಮೇಲು. ಆಡುವ ಮೈಯ ಪ್ಲೈವುಡ್ 8 ಮಿ.ಮೀ.ಗಿಂತ ತೆಳ್ಳಗಿರಬಾರದು. ಅಂಗಡಿಯಲ್ಲೇ ಪರೀಕ್ಷೆ ಮಾಡಿ: 15 ಗ್ರಾಂ ಸ್ಟ್ರೈಕರನ್ನು ಬೇಸ್‌ಲೈನಿನಿಂದ ಪೂರ್ತಿ ಬಲ ಹಾಕಿ ಹೊಡೆದರೆ ಅದು ಅತ್ತಿಂದಿತ್ತ ಕನಿಷ್ಠ ಮೂರೂವರೆ ಸಲ ಓಡಬೇಕು. ಓಡದಿದ್ದರೆ “ಪೌಡರ್ ಹಾಕಿದ ಮೇಲ ಓಡ್ತದ ರೀ” ಎಂಬ ಮಾತಿಗೆ ಮರುಳಾಗಬೇಡಿ, ಅವರ ಪೌಡರನ್ನೇ ಹಾಕಿಸಿ ಮತ್ತೆ ಹೊಡೆಯಿರಿ.

ಸಂಘ ನೋಂದಾಯಿಸಬೇಕೇ ಎಂದು ಬೀದರಿನ ಹುಡುಗ ಕೇಳಿದ್ದ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಇದ್ದರೆ ಮಾಡಬಹುದು. ಆದರೆ ಆಮೇಲೆ ಪ್ರತಿ ವರ್ಷ ಲೆಕ್ಕ ಸಲ್ಲಿಸುತ್ತ ಹೋಗಬೇಕು. ಕೂಟದ ಹೆಸರಲ್ಲಿ ಬ್ಯಾಂಕ್ ಖಾತೆ ಬೇಕಾಗುವಷ್ಟು ದುಡ್ಡು ಕೈ ದಾಟುವವರೆಗೆ 200 ಪುಟದ ಒಂದು ನೋಟ್‌ಬುಕ್ ಸಾಕು, ಲೆಕ್ಕ ಬರೆದು ಹೊಟ್ಟೆ ಹೊರೆಯುವವನ ಮಾತು ಇದು. ಪದಾಧಿಕಾರಿಗಳ ಪಟ್ಟಿ ಬರೆಯಲು ಕೂತ ದಿನವೇ ಒಡೆದ ಕೂಟಗಳನ್ನು ಕಂಡಿದ್ದೇನೆ. ಮಕ್ಕಳು ಜಿಲ್ಲೆ, ರಾಜ್ಯ ಮಟ್ಟದಲ್ಲಿ ಆಡಬೇಕೆಂದರೆ ಮಾತು ಬೇರೆ. 1956ರಿಂದ ಅಖಿಲ ಭಾರತ ಕೇರಂ ಫೆಡರೇಷನ್ ಇದೆ, ಅದರ ಕೆಳಗೆ ರಾಜ್ಯ ಸಂಸ್ಥೆ. ಆ ದಾರಿಯಲ್ಲೇ ಹೋಗಬೇಕು.

ಹಾಗಾದರೆ ಯಾರಿಗೆ ಯಾವುದು

ಯಾದಗಿರಿಯ ಟೀಚರ್‌ಗೆ: ನಿಮ್ಮ ಗುಂಪಿನಲ್ಲಿ ಒಂಬತ್ತು ಹೆಣ್ಣುಮಕ್ಕಳು, ಅವರ ಮಕ್ಕಳು. ನಿಮಗೆ ಎರಡನೇ ಅಳತೆಗೋಲೇ ಮುಖ್ಯ. ಮಂಡಳಿ, ಪಾರ್ಲರ್ ಎರಡನ್ನೂ ಬಿಡಿ. ಶನಿವಾರದ ಶಾಲೆಯ ಕೋಣೆ ನಿಮಗೆ ಹೇಳಿ ಮಾಡಿಸಿದ್ದು, ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಮನೆಯಲ್ಲಿರುತ್ತೀರಿ. ಶಾಲೆಯವರು ಒಪ್ಪದಿದ್ದರೆ ಮೂರು ಮನೆಗಳ ಸರದಿ, ಫ್ಲಾಸ್ಕಿನ ನಿಯಮದೊಂದಿಗೆ. “ಹೆಣ್ಣುಮಕ್ಕಳಿಗೆ ಕೇರಂ ಯಾಕ?” ಎಂದು ಯಾರಾದರೂ ಕೊಂಕು ಆಡಿದರೆ ಚೆನ್ನೈನ ಕಾಜಿಮಾಳ ಹೆಸರು ಹೇಳಿ. ಆಟೊ ಚಾಲಕನ ಮಗಳು, 17ನೇ ವಯಸ್ಸಿನಲ್ಲಿ, 2024ರ ಕೇರಂ ವಿಶ್ವಕಪ್‌ನಲ್ಲಿ ಅಮೆರಿಕಕ್ಕೆ ಹೋಗಿ ಮೂರು ಚಿನ್ನ ತಂದಳು.

ಬೀದರಿನ ಹುಡುಗನಿಗೆ: ತಮ್ಮಾ, ನಿನ್ನ ಗುಂಪು ಪರೀಕ್ಷೆಗೊಮ್ಮೆ ಚದುರುತ್ತದೆ, ನಾಲ್ಕು ವರ್ಷಕ್ಕೆ ಪೂರ್ತಿ ಬದಲಾಗುತ್ತದೆ. ಯಾರ ಜೊತೆಗೂ ವರ್ಷದ ಮಾತು ಕೊಡಬೇಡ. ಒಂದು ಒಳ್ಳೆಯ ಬೋರ್ಡು ವಂತಿಗೆಯಿಂದ ಕೊಂಡು ರೂಮಿನ ಮಾಳಗಿಯ ಮೇಲೆ ಆಡಿ. ಬೀದರ್ ನಮಗಿಂತ ಎತ್ತರದಲ್ಲಿದೆ, ಸಂಜೆಯ ಗಾಳಿ ನಿಮಗೆ ಬೇಗ ತಂಪಾಗುತ್ತದೆ, ಆ ಪುಣ್ಯ ಕಲಬುರಗಿಯವರಿಗಿಲ್ಲ. ಟೂರ್ನಿಗೆ ಮೊದಲಿನ ಎರಡು ವಾರ ಮಾತ್ರ ಪಾರ್ಲರ್‌ಗೆ ಹೋಗಿ ಪೂರ್ಣ 25 ಪಾಯಿಂಟಿನ ಆಟ ರೂಢಿ ಮಾಡಿಕೊಳ್ಳಿ. ಮನೆಯ ಮಾಲೀಕರಿಗೆ ಮೊದಲೇ ಹೇಳಿ ಇಡು. ರಾತ್ರಿ ಹತ್ತರ ಮೇಲೆ ಸ್ಟ್ರೈಕರ್ ಸದ್ದು ಕೆಳಗಿನ ಮನೆಗೆ ಸುತ್ತಿಗೆ ಹೊಡೆದಂತೆ ಕೇಳುತ್ತದೆ.

ಕಾಕಾ ಫೋನಿನಲ್ಲಿ ಭವನ ನೋಡಲೋ, ಮಂಡಳಿಯವರನ್ನು ಕೇಳಲೋ ಎಂದಾಗ ನಾನು ಭವನ ಅಂದಿದ್ದೆ. ಈ ಅಳತೆಗೋಲುಗಳನ್ನು ಬರೆದ ಮೇಲೆ ಮತ್ತೆ ಫೋನ್ ಮಾಡಿದೆ. ನಾಲ್ಕು ಕೋಣೆಯ ಸ್ವಂತ ಮನೆ, ನೆಲ ಅಂತಸ್ತು, ಮಕ್ಕಳು ಪುಣೆಯಲ್ಲಿ. ಕೀಲಿ ಅವರದೇ ಕಿಸೆಯಲ್ಲಿ. ಬರುವವರೆಲ್ಲ ಅರವತ್ತು ದಾಟಿದವರು, ಮೆಟ್ಟಿಲು ಹತ್ತಬೇಕಿಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯಲು ಅವರಿಗಿಂತ ಒಳ್ಳೆಯವರು ಯಾರು, ನಾಲ್ಕಕ್ಕೇ ಎದ್ದಿರುತ್ತಾರೆ. “ಕಾಕಾ, ಜಾಗ ನಿಮ್ಮ ಪಡಸಾಲಿನೇ” ಅಂದೆ.

ನಿನ್ನೆ ಅವರೇ ಫೋನ್ ಮಾಡಿದರು. “ಬಲ್ಬ್ ನಡುಮಧ್ಯ ಜೋತು ಬಿಟ್ಟೀನಿ, ಮೇಲ ತಗಡಿನ ಟೊಪಿಗಿ ಹಾಕೀನಿ. ನಾಕೂ ದಿಕ್ಕಿಗೆ ಕೂತು ನೋಡೀನಿ, ನೆರಳು ಬೀಳಂಗಿಲ್ಲ. ಇನ್ನ ಫ್ಲಾಸ್ಕ್ ಯಾರು ತರ್ತೀರಿ, ಅದೊಂದು ಹೇಳ್ರಿ.”